ಕಾಗದ ಕತ್ತರಿಸಿ ಮಾಡಿದ ಚಿತ್ರಪುಸ್ತಕ: ಚಿತ್ರ ಚೆಂದ, ಕಥೆ ಮುಂದಕ್ಕೆ ಹೋಗುತ್ತಿಲ್ಲ. ಏನು ಮಾಡಲಿ?

ಕತ್ತರಿಮರಿ
ಎಲ್ಲರಿಗೂ ನಮಸ್ಕಾರ. ನಾನು ಇಲಸ್ಟ್ರೇಷನ್ ಓದುತ್ತಿದ್ದೇನೆ, ಕೊನೆಯ ವರ್ಷ. ಕಾಲೇಜು ಬೆಂಗಳೂರಿನಲ್ಲಿ, ಊರು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ. ಈಗ ರಜಕ್ಕೆ ಮನೆಯಲ್ಲಿದ್ದೇನೆ.

ಪ್ರಾಜೆಕ್ಟ್‌ಗೆ ಮಕ್ಕಳ ಚಿತ್ರಪುಸ್ತಕ ಮಾಡುತ್ತಿದ್ದೇನೆ. ಪೂರ್ತಿ ಕಾಗದ ಕತ್ತರಿಸಿ ಅಂಟಿಸಿದ್ದು. ಬ್ರಷ್ ಮುಟ್ಟಿಲ್ಲ. ಕಥೆ ನಮ್ಮನೆಯದೇ, ತಾತನ ಕಾಲದ್ದು. ರೇಷ್ಮೆ ಹುಳು ಬಂದರೆ ಒಂದು ತಿಂಗಳು ಯಾರೂ ಎಲ್ಲಿಗೂ ಹೋಗುವ ಹಾಗಿಲ್ಲ. ಒಬ್ಬ ಹುಡುಗಿಗೆ ನಂದಿ ಶಿವರಾತ್ರಿ ತೇರಿಗೆ ಹೋಗಬೇಕು. ಹುಳು ಬಿಡುವುದಿಲ್ಲ. ಇಷ್ಟೇ.

12 ಜೋಡಿಪುಟ ಮುಗಿದಿದೆ. ನಮ್ಮ ಗೈಡ್ ನೋಡಿ, 'ಒಂದೊಂದನ್ನೂ ಫ್ರೇಮ್ ಹಾಕಿಸಿ ಗೋಡೆಗೆ ನೇತು ಹಾಕಬಹುದು. ಆದರೆ ನಾನು ಪುಟ ಯಾಕೆ ತಿರುಗಿಸಬೇಕು?' ಅಂದರು. ಆವತ್ತಿನಿಂದ ನಿದ್ದೆ ಇಲ್ಲ.

ಇದರ ಜೊತೆಗೆ ಫೆವಿಕಾಲ್ ಹಾಕಿದ ಕಡೆಯೆಲ್ಲ ಕಾಗದ ಏಳುತ್ತಿದೆ. ಹುಡುಗಿ ಮೂರನೇ ಪುಟದಲ್ಲಿ ಐದು ವರ್ಷದವಳು, ಏಳನೇ ಪುಟದಲ್ಲಿ ನಮ್ಮ ಅತ್ತೆ ಥರ ಕಾಣುತ್ತಾಳೆ. ಟೌನ್‌ನಲ್ಲಿ ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿದರೆ ನೆರಳೆಲ್ಲ ಹೋಗಿ ಸತ್ತ ಹಾಗಿದೆ. ಇನ್ನು ಐದು ವಾರ ಇದೆ. ಬೈದರೂ ಪರವಾಗಿಲ್ಲ, ಏನಾದರೂ ಹೇಳಿ.

ತಟ್ಟೆಇಡ್ಲಿ
ಬೈಯೋದು ಆಮೇಲೆ. ಮೊದಲು ಚಿತ್ರ ಹಾಕಿ.

ಕತ್ತರಿಮರಿ
ಮೂರು ಹಾಕಿದ್ದೇನೆ. ಮೊಬೈಲ್‌ನಲ್ಲಿ ತೆಗೆದದ್ದು, ಬಣ್ಣ ಸ್ವಲ್ಪ ಹಳದಿ ಹೊಡೆಯುತ್ತದೆ.

ಅಂಟುಪುರಾಣ
ಫೆವಿಕಾಲ್‌ನಲ್ಲಿ ನೀರಿದೆ ತಂಗಿ. ಕಾಗದ ನೀರು ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಮೇಲಿನ ತುಂಡು ಒಂದು ಕಡೆ ಎಳೆಯುತ್ತದೆ, ಕೆಳಗಿನದು ಇನ್ನೊಂದು ಕಡೆ. ಹಪ್ಪಳ ಆಗದೆ ಇನ್ನೇನಾಗುತ್ತದೆ? ನಾನು ಗ್ರೀಟಿಂಗ್ ಕಾರ್ಡ್ ಮಾಡಿ ಮಾರುತ್ತೇನೆ. ಮೊದಲ ವರ್ಷ ಮಾರಿದ್ದೆಲ್ಲ ಹಪ್ಪಳವೇ.

ಸಣ್ಣ ತುಂಡಿಗೆ ಗ್ಲೂ ಸ್ಟಿಕ್ ಸಾಕು. ದೊಡ್ಡದಕ್ಕೆ ತೆಳು ಡಬಲ್ ಸೈಡ್ ಟೇಪ್. ಫೆವಿಕಾಲೇ ಬೇಕು ಅಂದರೆ ಹಳೇ ಎಟಿಎಂ ಕಾರ್ಡ್‌ನಲ್ಲಿ ತೆಳ್ಳಗೆ ಎಳೆದು, ಮೇಲೆ ಬಟರ್ ಪೇಪರ್ ಇಟ್ಟು, ದಪ್ಪ ಪುಸ್ತಕ ಹೇರಿ ರಾತ್ರಿಯಿಡೀ ಬಿಡಿ. ತಳದ ಹಾಳೆಗೆ 300 ಜಿಎಸ್‌ಎಂಗಿಂತ ತೆಳ್ಳಗಿನದು ಬೇಡ. ಆಮೇಲೂ ಬಾಗಿದರೆ ಬೋರ್ಡಿನ ಬೆನ್ನಿಗೂ ಅಷ್ಟೇ ದೊಡ್ಡ ಕಾಗದ ಅಂಟಿಸಿ. ಎರಡೂ ಕಡೆ ಎಳೆತ ಸಮ ಆಗುತ್ತದೆ.

ರಬ್ಬರ್ ಸಲ್ಯೂಷನ್ ಕೂಡ ಒಳ್ಳೆಯದು. ಸುಕ್ಕಾಗುವುದಿಲ್ಲ, ತಪ್ಪಾದರೆ ಎಬ್ಬಿಸಬಹುದು. ವರ್ಷಗಳಾದ ಮೇಲೆ ಹಳದಿ ಕಲೆ ಬಿಡುತ್ತದೆ, ಆದರೆ ನಿಮಗೆ ಫೋಟೋ ಆಗುವವರೆಗೆ ಇದ್ದರೆ ಸಾಕಲ್ವಾ?

ಗೂಡುಗಾರ
ರಬ್ಬರ್ ಸಲ್ಯೂಷನ್ ಅಂದ ಕೂಡಲೇ ಎದ್ದು ಕೂತೆ. ತಂಗಿ, ನೀನು ಎಲ್ಲಿ ಕೂತು ಅಂಟಿಸುತ್ತಿದ್ದೀಯ?

ಕತ್ತರಿಮರಿ
ಹುಳದ ಮನೆಯಲ್ಲಿ ಅಣ್ಣ. ಜಾಗ ದೊಡ್ಡದು, ಒಂದು ಮೂಲೆ ಖಾಲಿ ಇತ್ತು...

ಗೂಡುಗಾರ
ಆ ಡಬ್ಬಿಯನ್ನು ಅಲ್ಲಿ ತೆಗೆಯಲೇಬೇಡ. ಪಕ್ಕದ ಹೊಲದಲ್ಲಿ ಔಷಧಿ ಹೊಡೆದು ಗಾಳಿ ಈ ಕಡೆ ಬೀಸಿದರೂ ಸಾಕು, ಹುಳು ಒದ್ದಾಡಿ ಕಕ್ಕುತ್ತದೆ. ನಾವು ಊದುಬತ್ತಿ ಕೂಡ ಹಚ್ಚುವುದಿಲ್ಲ. ನಿಮ್ಮಪ್ಪನಿಗೆ ಗೊತ್ತಾದರೆ ಪುಸ್ತಕದ ಜೊತೆ ನಿನ್ನನ್ನೂ ಹೊರಗೆ ಹಾಕುತ್ತಾರೆ.

ಅಂಟುಪುರಾಣ
ಅಯ್ಯೋ, ಗೊತ್ತಿರಲಿಲ್ಲ. ಗ್ಲೂ ಸ್ಟಿಕ್ಕೇ ಸರಿ. ಕ್ಷಮಿಸಿ.

ಪ್ರೆಸ್ ಅಣ್ಣ
ತುಮಕೂರಿನಲ್ಲಿ ಲಗ್ನಪತ್ರಿಕೆ ಪ್ರಿಂಟ್ ಮಾಡುತ್ತೇನೆ, ಅಶೋಕ ರಸ್ತೆಯ ಹತ್ತಿರ. ಅಂಟಿನ ಮಾತು ಸರಿ, ಆದರೆ ಯಾರೂ ಕಾಗದದ ನಾರಿನ ದಿಕ್ಕು ಹೇಳಲೇ ಇಲ್ಲ. ಹಾಳೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮೆಲ್ಲಗೆ ಬಾಗಿಸಿ ನೋಡಿ. ಯಾವ ಕಡೆ ಸುಲಭವಾಗಿ ಬಾಗುತ್ತದೋ ನಾರು ಆ ಮಡಿಕೆಯ ಉದ್ದಕ್ಕೆ ಓಡುತ್ತದೆ. ಅಡಿ ಹಾಳೆ, ಮೇಲಿನ ದೊಡ್ಡ ಹಾಳೆ ಎರಡರದ್ದೂ ಒಂದೇ ದಿಕ್ಕಿಗಿರಲಿ. ಅರ್ಧ ಹಪ್ಪಳ ಅಲ್ಲೇ ತಪ್ಪುತ್ತದೆ. ಹರಿಯುವಾಗಲೂ ಅಷ್ಟೇ: ನಾರಿನ ಗುಂಟ ಹರಿದರೆ ನೇರ ಬರುತ್ತದೆ, ಅಡ್ಡ ಹರಿದರೆ ಎಳೆ ಎಳೆಯಾಗಿ ಬರುತ್ತದೆ. ಬೆಟ್ಟಕ್ಕೆ ಅಡ್ಡ ಹರಿದದ್ದೇ ಚೆಂದ.

ಇನ್ನೊಂದು. ನಿನ್ನ ಎರಡನೇ ಚಿತ್ರದ ಆ ಗುಲಾಬಿ ಲಂಗ ರೇಡಿಯಂ ಕಾಗದ ಅಲ್ವಾ? ಆ ಹೊಳಪು ನಾಲ್ಕು ಬಣ್ಣದ ಪ್ರಿಂಟ್‌ನಲ್ಲಿ ಬರುವುದೇ ಇಲ್ಲ. ಕೊನೆಗೆ ಮಾಸಿದ ಲಂಗ ಸಿಗುತ್ತದೆ. ಈಗಲೇ ಬದಲಾಯಿಸು.

ಕಾಗದ ಬೇಕಿದ್ದರೆ ಪ್ರೆಸ್‌ಗಳಲ್ಲಿ ಕೇಳು. ಪತ್ರಿಕೆ ಟ್ರಿಮ್ ಮಾಡಿದ ಪಟ್ಟಿಗಳು ಚೀಲಗಟ್ಟಲೆ ತೂಕಕ್ಕೆ ಹೋಗುತ್ತವೆ. ಬೆಂಗಳೂರಲ್ಲಾದರೆ ಸುಲ್ತಾನ್‌ಪೇಟೆ.

ತಟ್ಟೆಇಡ್ಲಿ
ಅಶೋಕ ರಸ್ತೆ ಅಣ್ಣ, ನೀವು ಕ್ಯಾತ್ಸಂದ್ರಕ್ಕೆ ಹೋಗುತ್ತೀರಾ ಇಡ್ಲಿಗೆ? ಸುಮ್ನೆ ಕೇಳಿದೆ.

ಪ್ರೆಸ್ ಅಣ್ಣ
ಭಾನುವಾರ ಬೆಳಗ್ಗೆ. ವಿಷಯಕ್ಕೆ ಬಾರಪ್ಪ.

ಮೂರನೇ ಬೆಂಚು
ಎಲ್ಲರೂ ಅಂಟು, ನಾರು ಅಂತ ಕೂತಿದ್ದೀರಿ. ಇದನ್ನು ಕಂಪ್ಯೂಟರಿನಲ್ಲಿ ಕಾಗದದ ಟೆಕ್ಸ್‌ಚರ್ ಹಾಕಿ ಎರಡು ದಿನಕ್ಕೆ ಮುಗಿಸಬಹುದು. ಎಐಗೆ ಹೇಳಿದರೆ ಎರಡು ನಿಮಿಷ. ಐದು ವಾರ ಬ್ಲೇಡ್ ಹಿಡಿದು ಕೂರೋದರಿಂದ ಕೆಲಸ ಸಿಗುತ್ತದಾ?

ಗೂಡುಗಾರ
ನಿಮ್ಮ ಎರಡು ನಿಮಿಷದ ಹುಳುವಿನ ಚಿತ್ರ ನನ್ನ ಮಗ ತೋರಿಸಿದ್ದ. ಮೈಯುದ್ದಕ್ಕೂ ಕಾಲು, ಜರಿ ಥರ. ರೇಷ್ಮೆ ಹುಳುವಿಗೆ 16 ಕಾಲು. ಬಾಲದ ಮೇಲೆ ಒಂದು ಸಣ್ಣ ಕೊಂಬು. ಆ ಕೊಂಬು ಅದಕ್ಕೆ ಗೊತ್ತೇ ಇರಲಿಲ್ಲ.

ಮೂರನೇ ಬೆಂಚು
ಅದು ಸರಿಹೋಗುತ್ತೆ ಬಿಡಿ. ನಾನು ಹೇಳಿದ್ದು ಸಮಯದ ಲೆಕ್ಕ.

ಚಿತ್ರದ ಮೇಷ್ಟ್ರು
ಕೋಲಾರದ ಕಡೆ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಟ್ಟು ನಿವೃತ್ತನಾದವನು ನಾನು. ಅಂಟು, ಕಾಗದ ಎಲ್ಲ ಸರಿಯಾಗುತ್ತದಮ್ಮ. ನಿಮ್ಮ ಗೈಡ್ ಕೇಳಿದ ಪ್ರಶ್ನೆ ಇದೆಯಲ್ಲ, ಅದೇ ಮುಖ್ಯ. ಮೂರು ಚಿತ್ರ ಪಕ್ಕಪಕ್ಕ ಇಟ್ಟು ನೋಡಿದೆ. ಮೂರರಲ್ಲೂ ಹುಡುಗಿ ನಡುಮಧ್ಯ. ಮೂರರಲ್ಲೂ ಒಂದೇ ಎತ್ತರ. ನೆಲದ ಗೆರೆ ಒಂದೇ ಕಡೆ. ಹಳ್ಳಿ ನಾಟಕದಲ್ಲಿ ಪರದೆ ಮಾತ್ರ ಬದಲಾಗಿ ಪಾತ್ರಧಾರಿ ಅಲ್ಲೇ ನಿಂತಿರುವ ಹಾಗಿದೆ. ನೀನು ಒಂದೊಂದು ಚಿತ್ರವನ್ನೂ ಬೇರೆ ಬೇರೆ ದಿನ, ಬೇರೆ ಬೇರೆ ಕೆಲಸ ಅಂತ ಮಾಡಿದ್ದೀಯ. ಹಿಂದಿನ ಪುಟ ನೋಡಿ ಮುಂದಿನದು ಮಾಡಿಲ್ಲ.

ಒಂದು ಸಂಜೆಯ ಕೆಲಸ ಹೇಳುತ್ತೇನೆ. ಎಂಟು ಎ4 ಹಾಳೆ ನಡುವೆ ಮಡಿಚಿ ಒಂದರೊಳಗೊಂದು ಸೇರಿಸಿ ಪಿನ್ ಹೊಡಿ. 32 ಪುಟದ ಖಾಲಿ ಪುಸ್ತಕ ಆಯಿತು. ಕಪ್ಪು ಕಾಗದ ತಗೋ. ಕತ್ತರಿ ಮುಟ್ಟಬೇಡ, ಕೈಯಲ್ಲೇ ಹರಿದು ಅಂಟಿಸು. ಪುಟಕ್ಕೆ ಎರಡೇ ನಿಮಿಷ. ಕಣ್ಣು ಮೂಗು ಇಲ್ಲ, ಬಣ್ಣ ಇಲ್ಲ. ಆಮೇಲೆ ಕಥೆ ಗೊತ್ತಿಲ್ಲದವರ ಕೈಗೆ ಕೊಟ್ಟು ಬಾಯಿ ಮುಚ್ಚಿಕೊಂಡು ಕೂರು. ಕಪ್ಪು ತುಂಡುಗಳಲ್ಲೇ ಯಾರು ಏನು ಮಾಡುತ್ತಿದ್ದಾರೆ, ಯಾರಿಗೆ ಏನು ಬೇಕು ಅಂತ ಅವರಿಗೆ ತಿಳಿಯಬೇಕು. ತಿಳಿಯದಿದ್ದರೆ ಬಣ್ಣ ಬಂದ ಮೇಲೂ ತಿಳಿಯುವುದಿಲ್ಲ.

ಕಾಗದದಲ್ಲಿ ಮುಖಭಾವ ತರುವುದು ಕಷ್ಟ. ಅದಕ್ಕೆ ಕತ್ತು, ಭುಜ, ಜಡೆ ಇವೆ. ಹುಡುಗಿ ಮುನಿಸಿಕೊಂಡಾಗ ಜಡೆ ಎಲ್ಲಿರುತ್ತದೆ? ತೇರಿನ ಡೋಲು ಕೇಳಿದಾಗ ಎಲ್ಲಿರುತ್ತದೆ? ನಿನ್ನ ಮೂರು ಚಿತ್ರದಲ್ಲೂ ಜಡೆ ಬೆನ್ನ ಮೇಲೆ ಸುಮ್ಮನೆ ಮಲಗಿದೆ.

ಬೆಂಗಳೂರಿಗೆ ಹೋದಾಗ ಚಿತ್ರಕಲಾ ಪರಿಷತ್ತಿನ ತೊಗಲುಗೊಂಬೆಗಳನ್ನು ನೋಡು. ಪರಿಷತ್ತು ಕಟ್ಟಿದ ಎಂ.ಎಸ್. ನಂಜುಂಡರಾಯರು ಊರೂರು ಸುತ್ತಿ ಸೇರಿಸಿದ್ದು. ನಮ್ಮ ಕಡೆಯ ಗೊಂಬೆಗಳಲ್ಲಿ ಒಂದೇ ತೊಗಲಿನಲ್ಲಿ ಮೂರು ನಾಲ್ಕು ಜನ, ರಥ, ಮರ ಎಲ್ಲ ಸೇರಿದ ಇಡೀ ದೃಶ್ಯವೇ ಇರುತ್ತದೆ. ಒಬ್ಬರ ಕೈ ಇನ್ನೊಬ್ಬರ ಭುಜಕ್ಕೆ ತಾಗಿಕೊಂಡೇ ಇರಬೇಕು, ಇಲ್ಲದಿದ್ದರೆ ತುಂಡಾಗಿ ಬಿದ್ದುಹೋಗುತ್ತದೆ. ಯಾರು ಯಾರಿಗೆ ಅಂಟಿದ್ದಾರೆ ಅನ್ನುವುದೇ ಅಲ್ಲಿ ಅರ್ಧ ಕಥೆ.

ಕತ್ತರಿಮರಿ
ಮೇಷ್ಟ್ರೇ, ಜಡೆ ಮಾತು ಓದಿ ನಾಚಿಕೆ ಆಯಿತು. ಇವತ್ತೇ ಮಾಡುತ್ತೇನೆ.

ಹುಳು ದೊಡ್ಡದಾಗುವುದನ್ನು ತೋರಿಸಲು ಎಲೆಗಳಲ್ಲಿ ತೂತು ಕತ್ತರಿಸೋಣ ಅಂತಿದ್ದೆ. ಪ್ರತಿ ಪುಟಕ್ಕೂ ತೂತು ಜಾಸ್ತಿ. ಸರಿ ಅನಿಸುತ್ತದಾ?

ಅಂಟುಪುರಾಣ
ಬೇಡ. ಹುಳು, ಎಲೆ, ತೂತು ಅಂದರೆ ಎಲ್ಲರಿಗೂ ಎರಿಕ್ ಕಾರ್ಲ್ ನೆನಪಾಗುತ್ತಾರೆ. ಅಮೆರಿಕದ ಮಕ್ಕಳ ಪುಸ್ತಕದ ಚಿತ್ರಕಾರರು. ಹುಳು ತಿಂದ ತೂತು ಪುಟದಲ್ಲೇ ಇರುವ ಅವರ ಆ ಕಂಬಳಿಹುಳದ ಪುಸ್ತಕ 1969ರದ್ದು. ತೂತು ಅವರಿಗೇ ಬಿಡಿ. ಕಲಿಯೋದಿದ್ದರೆ ಅವರ ಕಾಗದದಿಂದ ಕಲಿಯಿರಿ. ತೆಳು ಟಿಶ್ಯೂ ಕಾಗದಕ್ಕೆ ತಾವೇ ಬಣ್ಣ ಹಚ್ಚಿ, ಒಣಗಿಸಿ, ಆಮೇಲೆ ಕತ್ತರಿಸುತ್ತಿದ್ದರು. ಫ್ರಾನ್ಸಿನ ಚಿತ್ರಕಾರ ಮಾಟಿಸ್ ಕೂಡ 1941ರ ಆಪರೇಷನ್ ಆದ ಮೇಲೆ ಹೆಚ್ಚು ಹೊತ್ತು ನಿಂತು ಪೇಂಟ್ ಮಾಡಲು ಆಗದೆ ಕತ್ತರಿಗೆ ಬಂದವರು. ಅವರಿಗೆ ಸಹಾಯಕರು ಹಾಳೆಗೆ ಬಣ್ಣ ಬಳಿದು ಕೊಡುತ್ತಿದ್ದರು. ಅಂಗಡಿಯ ಮಾರ್ಬಲ್ ಪೇಪರ್‌ನಲ್ಲಿ ಹಿಪ್ಪುನೇರಳೆಯ ಹಸಿರು ಸಿಗುವುದಿಲ್ಲ. ನೀವೇ ಬಳಿದುಕೊಳ್ಳಿ. ಬ್ರಷ್ ಮುಟ್ಟಲ್ಲ ಅನ್ನೋ ಹಟ ಬಿಡಿ.

ಗೂಡುಗಾರ
ಅದೂ ಅಲ್ಲದೆ ತೂತು ಸುಳ್ಳು. ಬಲಿತ ಹುಳು ಎಲೆಯ ಮಧ್ಯೆ ತೂತು ಕೊರೆಯುವುದಿಲ್ಲ. ಅಂಚು ಹಿಡಿದು ಮೇಲಿಂದ ಕೆಳಕ್ಕೆ ಗರಗಸದ ಥರ ಕತ್ತರಿಸಿಕೊಂಡು ಬರುತ್ತದೆ. ರಾತ್ರಿ ಹುಳದ ಮನೆ ಬಾಗಿಲಲ್ಲಿ ನಿಂತು ಕೇಳು, ಮಳೆ ಬಂದ ಹಾಗೆ ಸದ್ದು. ಅದು ಮಾಡುವುದು ಕತ್ತರಿ ಕೆಲಸವೇ. ನಿನಗಿಂತ ಚೆನ್ನಾಗಿ ಮಾಡುತ್ತದೆ.

ಬಾಯಿ ತೆಗೆದಾಗ ಇನ್ನೂ ಒಂದೆರಡು ಹೇಳುತ್ತೇನೆ. ಮೊದಲ ಚಿತ್ರದಲ್ಲಿ ಗೂಡು ಹಾಲಿನ ಹಾಗೆ ಬೆಳ್ಳಗಿದೆ. ಅದು ದ್ವಿತಳಿ ಹುಳುವಿನದು. ಇಲ್ಲೇ ಹುಟ್ಟಿದ್ದೀಯ, ನಿಮ್ಮ ತಾತನ ಕಾಲದ ಕಥೆ ಅಂತ ಬೇರೆ ಹೇಳುತ್ತಿದ್ದೀಯ, ಆಗೆಲ್ಲ ಮಿಶ್ರತಳಿ, ಹಳದಿ ಗೂಡು. ಮತ್ತೆ ಚಂದ್ರಿಕೆ, ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲ ಇರುತ್ತದೆ. ನೀನು ಮೊರದಷ್ಟು ಮಾಡಿದ್ದೀಯ. ಮಧ್ಯದಿಂದ ಬಿದಿರಿನ ಪಟ್ಟಿ ಸುತ್ತಿಕೊಂಡು ಹೊರಗೆ ಬರಬೇಕು, ಬಿಡಿ ಬಿಡಿ ಉಂಗುರ ಅಲ್ಲ. ಈಗ ಎಷ್ಟೋ ಕಡೆ ಪ್ಲಾಸ್ಟಿಕ್‌ನವು ಬಂದಿವೆ, ಅದು ಬೇರೆ ಮಾತು.

ದೊಡ್ಡ ತಪ್ಪು ಇದು: ಹುಳು ದಿನಾ ಒಂದೇ ಸಮ ತಿನ್ನುವುದಿಲ್ಲ. ನಾಲ್ಕು ಜ್ವರ ಬರುತ್ತದೆ. ಜ್ವರದಲ್ಲಿ ಸೊಪ್ಪು ಮುಟ್ಟದೆ ತಲೆ ಎತ್ತಿಕೊಂಡು ಒಂದು ದಿನ ಸುಮ್ಮನಿರುತ್ತದೆ. ಆಮೇಲೆ ಚರ್ಮ ಬಿಟ್ಟು ಏಳುತ್ತದೆ. ನಾಲ್ಕನೇ ಜ್ವರ ಎದ್ದ ಮೇಲೆ ನೋಡಬೇಕು. ಒಟ್ಟು ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತರಷ್ಟು ಆ ಏಳೆಂಟು ದಿನದಲ್ಲೇ. ಆಗ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದರೂ ಆಸ್ಪತ್ರೆಗೆ ಹೋಗೋಕೆ ಯೋಚನೆ ಮಾಡುತ್ತೇವೆ, ಇನ್ನು ತೇರೆಲ್ಲಿ!

ತಟ್ಟೆಇಡ್ಲಿ
ಜ್ವರ ಅಂದರೆ ನಿಜವಾದ ಜ್ವರಾನಾ?

ಗೂಡುಗಾರ
ಅಲ್ಲ ಸ್ವಾಮಿ. ಪೊರೆ ಬಿಡುವುದು. ನಾವು ಜ್ವರ ಅನ್ನುತ್ತೇವೆ.

ಬಾಲವಾಡಿ ಅಕ್ಕ
ಗೌರಿಬಿದನೂರು ಕಡೆ ಅಂಗನವಾಡಿಯಲ್ಲಿದ್ದೇನೆ. ದಿನಾ ಮಕ್ಕಳಿಗೆ ಪುಸ್ತಕ ತೋರಿಸುವವಳು. ಈ ಅಣ್ಣ ಹೇಳಿದ್ದರಲ್ಲೇ ನಿಮ್ಮ ಪುಟ ತಿರುಗಿಸುವ ಉತ್ತರ ಇದೆ ಕಣ್ರೀ. ತಿನ್ನುತ್ತೆ, ತಿನ್ನುತ್ತೆ, ನಿಲ್ಲುತ್ತೆ. ಮಕ್ಕಳಿಗೆ 'ನಿಲ್ಲುತ್ತೆ' ಅನ್ನೋ ಪುಟ ಇಷ್ಟ. ಆ ಪುಟ ಬಂದಾಗ ಅವರೂ ಉಸಿರು ಹಿಡಿಯುತ್ತಾರೆ. ನಾಲ್ಕು ಸಲ ಬಂದರೆ ನಾಲ್ಕನೆಯದನ್ನು ನಾನು ಹೇಳುವ ಮೊದಲು ಅವರೇ ಹೇಳುತ್ತಾರೆ.

ಸ್ಟೋರಿವೀವರ್ ವೆಬ್‌ಸೈಟ್‌ನಲ್ಲಿ ಕನ್ನಡ ಚಿತ್ರಪುಸ್ತಕಗಳು ಉಚಿತವಾಗಿ ಇವೆ, ನೋಡಿ. ಬರಹ ಮುಚ್ಚಿಟ್ಟು ಬರೀ ಚಿತ್ರ ತಿರುಗಿಸಿ ನೋಡಿ.

ನನ್ನ ಪ್ರಶ್ನೆ ಬೇರೆ. ಕೊನೇ ಪುಟದಲ್ಲಿ ಏನಿದೆ?

ಕತ್ತರಿಮರಿ
ಗೂಡಿನಿಂದ ಚಿಟ್ಟೆ ಬಂದು ತೇರಿನ ಕಡೆ ಹಾರಿ ಹೋಗುತ್ತದೆ ಅಕ್ಕ. ಹುಡುಗಿ ಕೈ ಬೀಸುತ್ತಾಳೆ.

ಗೂಡುಗಾರ
ಯಾವ ಚಿಟ್ಟೆ?! ಚಿಟ್ಟೆ ಆಚೆ ಬಂದರೆ ಗೂಡು ತೂತು. ತೂತಾದ ಗೂಡನ್ನು ಶಿಡ್ಲಘಟ್ಟ ಮಾರ್ಕೆಟ್‌ನಲ್ಲಿ, ಗೂಡು ಕುದಿಸಿ ನೂಲು ತೆಗೆಯುವ ಯಾವ ರೀಲರ್ ತಗೋತಾನೆ?

ಕುಣಿಗಲ್ ಕುದುರೆ
ನಮ್ಮ ಕಡೆ ತಗೋತಾರೆ! ಕುಣಿಗಲ್ ಸುತ್ತ ನಾವು ಬೆಳೆಯುವುದು ಬಿತ್ತನೆ ಗೂಡು, ಮೈಸೂರು ತಳಿ. ಅದರಿಂದ ಪತಂಗ ಬರಲೇಬೇಕು, ಮೊಟ್ಟೆಗೆ. ಆದರೆ ಹಾರುವುದಂತೂ ಇಲ್ಲ. ರೆಕ್ಕೆ ಇದೆ, ಪಟಪಟ ಅನ್ನುತ್ತದೆ, ಅಷ್ಟೇ. ಬಾಯಿಗೆ ಏನೂ ಹಾಕುವುದಿಲ್ಲ. ನಾನೂರು ಐನೂರು ಮೊಟ್ಟೆ ಇಟ್ಟು ಸಾಯುತ್ತದೆ.

ಗೂಡುಗಾರ
ಬಿತ್ತನೆ ಲೆಕ್ಕ ಬೇರೆ ಸಾರ್. ಈ ತಂಗಿ ಮನೇದು ರೀಲಿಂಗ್ ಗೂಡು.

ಮೂರನೇ ಬೆಂಚು
ಹಾಗಾದರೆ ಮಕ್ಕಳ ಪುಸ್ತಕದ ಕೊನೆಯಲ್ಲಿ ಹುಳು ಬೇಯಿಸೋದು ತೋರಿಸಬೇಕಾ? ಚಿಟ್ಟೆ ಹಾರಿದರೆ ಯಾರಿಗೇನು ನಷ್ಟ? ಮಕ್ಕಳ ಕಥೆ ರೀ.

ಗೂಡುಗಾರ
ನಮ್ಮ ಮಕ್ಕಳೂ ಮಕ್ಕಳೇ. ಸ್ಕೂಲಿಗೆ ಹೋಗುವ ದಾರಿಯಲ್ಲೇ ನೂಲು ತೆಗೆಯುವ ಫಿಲೇಚರ್ ಇದೆ. ವಾಸನೆ ಗೊತ್ತು, ಗೂಡು ಕುದಿಯುವುದೂ ಗೊತ್ತು. ಆ ಪುಸ್ತಕ ಅವರ ಕೈಗೆ ಬಂದರೆ ನಗುತ್ತಾರೆ.

ಬಾಲವಾಡಿ ಅಕ್ಕ
ಇಬ್ಬರೂ ಸ್ವಲ್ಪ ತಾಳಿ. ಬೇಯಿಸೋದು ತೋರಿಸಬೇಕು ಅಂತ ಯಾರೂ ಹೇಳಿಲ್ಲ. ಆದರೆ ಸುಳ್ಳು ಚಿಟ್ಟೆ ಬೇಡ. ಕಥೆ ಶುರುವಾಗಿದ್ದು ಯಾರಿಂದ? ತೇರಿಗೆ ಹೋಗಬೇಕು ಅಂದ ಹುಡುಗಿಯಿಂದ. ಕೊನೆಗೆ ಹುಳುವಿನ ಹಿಂದೆ ಯಾಕೆ ಓಡುತ್ತಿದ್ದೀರಿ? ಅವಳು ತೇರು ನೋಡಿದಳಾ ಇಲ್ಲವಾ? ನಮ್ಮ ಮಕ್ಕಳು ಕೇಳೋದು ಅದನ್ನೇ.

ಕತ್ತರಿಮರಿ
ಇದನ್ನು ನಾನು ಒಂದು ಸಲವೂ ಯೋಚಿಸಿಲ್ಲ ಅಕ್ಕ. ನಿಜ ಹೇಳುತ್ತಿದ್ದೇನೆ.

ನಂದಿಬೆಟ್ಟದ ಮೋಡ
ಸ್ಕ್ಯಾನ್ ಬಗ್ಗೆ ಯಾರೂ ಹೇಳಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಮದುವೆ ಫೋಟೋ ತೆಗೆಯುತ್ತೇನೆ. ಜೆರಾಕ್ಸ್ ಅಂಗಡಿಯ ಮೆಷಿನ್ ಗಾಜಿಗೆ ತಾಗಿದ್ದನ್ನು ಮಾತ್ರ ಚೂಪಾಗಿ ತೋರಿಸುತ್ತದೆ. ಒಂದೆರಡು ಮಿಲಿಮೀಟರ್ ಮೇಲಿದ್ದರೂ ಮಬ್ಬು. ಫೋಟೋನೇ ತೆಗೆಯಿರಿ. ಚಿತ್ರ ನೆಲದ ಮೇಲೆ, ಕ್ಯಾಮೆರಾ ನೇರ ಮೇಲೆ ಟ್ರೈಪಾಡ್‌ಗೆ. ಕಿಟಕಿ ಬೆಳಕು ಒಂದೇ ಕಡೆಯಿಂದ, ಎದುರಿಗೆ ಬಿಳಿ ಥರ್ಮಾಕೋಲ್ ಶೀಟ್. ಎಡದಿಂದ ಬೆಳಕು ಅಂದರೆ ಇಡೀ ಪುಸ್ತಕಕ್ಕೂ ಎಡದಿಂದಲೇ. ಒಂದು ಪುಟದಲ್ಲಿ ನೆರಳು ಆ ಕಡೆ, ಇನ್ನೊಂದರಲ್ಲಿ ಈ ಕಡೆ ಬಿದ್ದರೆ ಓದುವವರಿಗೆ ಏನೋ ತಪ್ಪು ಅನಿಸುತ್ತದೆ, ಏನು ಅಂತ ಗೊತ್ತಾಗುವುದಿಲ್ಲ.

ತುಂಡುಗಳ ಕೆಳಗೆ ಫೋಮ್ ಟೇಪ್ ಇಟ್ಟು ಎತ್ತರಿಸಿದರೆ ನೆರಳು ಜಾಸ್ತಿ. ನನಗನ್ನಿಸಿದ್ದು, ಆ ಜ್ವರದ ಪುಟದಲ್ಲಿ ಎಲ್ಲ ಚಪ್ಪಟೆ ಇಡಿ. ನೆರಳೇ ಬೇಡ. ಎದ್ದ ಮೇಲೆ ಎಲ್ಲ ಎತ್ತರ.

ಮೂರನೇ ಬೆಂಚು
ಇದು ಒಳ್ಳೇ ಐಡಿಯಾ, ಒಪ್ಪಿದೆ. ಹಾಗಿದ್ದರೆ ನನ್ನದೂ ಒಂದು. ಹುಡುಗಿಯನ್ನು ಅಂಟಿಸಲೇಬೇಡಿ. ತಲೆ, ಜಡೆ, ಕೈ, ಕಾಲು ಬೇರೆ ಬೇರೆ ಕತ್ತರಿಸಿ ಒಂದು ಸೆಟ್ ಇಟ್ಟುಕೊಳ್ಳಿ. ಪುಟಕ್ಕೆ ತಕ್ಕಂತೆ ಜೋಡಿಸಿ, ಫೋಟೋ ತೆಗೆದು, ಮತ್ತೆ ಎತ್ತಿಡಿ. ಒಂದೇ ತಲೆ ಇದ್ದ ಮೇಲೆ ಅವಳು ಅತ್ತೆ ಆಗೋದು ಹೇಗೆ? ದೂರದ ದೃಶ್ಯಕ್ಕೆ ಒಂದು ಸಣ್ಣ ಸೆಟ್.

ಅಂಟುಪುರಾಣ
ಎಐ ಅಣ್ಣ ದಾರಿಗೆ ಬಂದರು.

ಮೂರನೇ ಬೆಂಚು
ದಾರಿಗೇನೂ ಬಂದಿಲ್ಲ. ಎರಡು ದಿನದ ಕೆಲಸ ಅಂತ ಈಗಲೂ ಹೇಳುತ್ತೇನೆ.

ಪ್ರೆಸ್ ಅಣ್ಣ
ನಡುಮಡಿಕೆ ಮರೆಯಬೇಡ. ಜೋಡಿಪುಟದ ಮಧ್ಯೆ ಮುಖ ಬಂದರೆ ಬೈಂಡಿಂಗ್ ನುಂಗುತ್ತದೆ. ಸುತ್ತ 3 ಮಿಲಿಮೀಟರ್ ಹೆಚ್ಚು ಬಿಡು, ಟ್ರಿಮ್‌ಗೆ. 32 ಪುಟ ಅಂತ ಮೇಷ್ಟ್ರು ಹೇಳಿದ್ದು ಸುಮ್ನೆ ಅಲ್ಲ, 16 ಪುಟದ ಎರಡು ಫಾರಂ, ಅಂದರೆ ಅಚ್ಚು ಹಾಕಿ ಮಡಿಚುವ ಎರಡು ದೊಡ್ಡ ಹಾಳೆ. ಶೀರ್ಷಿಕೆ, ಪ್ರಕಾಶನದ ವಿವರ ಕಳೆದರೆ ಕಥೆಗೆ 12ರಿಂದ 14 ಜೋಡಿಪುಟ.

ಕತ್ತರಿಮರಿ (ಒಂಬತ್ತು ದಿನದ ನಂತರ)
ಉತ್ತರ ಹಾಕಲು ತಡವಾಯಿತು. ಮನೆಯಲ್ಲಿ ನಾಲ್ಕನೇ ಜ್ವರ ಎದ್ದಿತ್ತು, ನಾನೂ ಸೊಪ್ಪು ಹೊರುತ್ತಿದ್ದೆ.

ಮೇಷ್ಟ್ರು ಹೇಳಿದ ಕಪ್ಪು ಪುಸ್ತಕ ಮಾಡಿದೆ. ಪಕ್ಕದ ಮನೆ ಹುಡುಗನ ಕೈಗೆ ಕೊಟ್ಟೆ, ಎರಡನೇ ಕ್ಲಾಸು. ಆರನೇ ಪುಟದಲ್ಲಿ 'ಇವಳು ಯಾಕೆ ಡ್ಯಾನ್ಸ್ ಮಾಡ್ತಿದ್ದಾಳೆ?' ಅಂದ. ನಾನು ಅಳುವುದು ಅಂತ ಮಾಡಿದ್ದೆ. ಅದನ್ನು ನಾಲ್ಕು ಸಲ ಹರಿದೆ. ಕೊನೆಗೆ ಎರಡೂ ಕೈ ತೆಗೆದುಬಿಟ್ಟೆ, ಬೆನ್ನು ಮಾತ್ರ, ಜಡೆ ಮುಂದಕ್ಕೆ. 'ಕೋಪ' ಅಂದ. ಸಾಕು, ಕೋಪವೇ ಇರಲಿ ಅಂತ ಬಿಟ್ಟೆ.

ಹಸಿರು ಹಾಳೆಗಳನ್ನು ನಾನೇ ಬಳಿದೆ. ಮೊದಲ ಪುಟದಲ್ಲಿ ಒಂದು ಮೂಲೆಯಲ್ಲಿ ಮಾತ್ರ ಸೊಪ್ಪು. ಪುಟ ತಿರುಗಿದಂತೆ ಅದು ಒಳಗೆ ಬರುತ್ತದೆ, ಹುಡುಗಿ ಅಂಚಿಗೆ ಹೋಗುತ್ತಾಳೆ. ಎಂಟನೆಯದರಲ್ಲಿ ಇಡೀ ಜೋಡಿಪುಟ ಸೊಪ್ಪು, ಅವಳ ಜಡೆಯ ತುದಿ ಮಾತ್ರ ಕಾಣುತ್ತದೆ. ಆಮೇಲೆ ಹುಳು ಅಂಚಿನಿಂದ ತಿನ್ನುತ್ತಾ ಬರುತ್ತದೆ. ಸೊಪ್ಪಿನಿಂದ ನಾನು ಕತ್ತರಿಸಿ ತೆಗೆದ ಚೂರುಗಳಲ್ಲೇ ಹುಳು ಮಾಡಿದ್ದೇನೆ, ಹಿಂಬದಿಯ ಬಿಳಿ ಮೇಲೆ ಮಾಡಿ. ಎಲೆ ಎಷ್ಟು ಕಮ್ಮಿಯೋ ಹುಳು ಅಷ್ಟು. ಗೈಡ್‌ಗೆ ಫೋನ್‌ನಲ್ಲಿ ತೋರಿಸಿದೆ. ಅವರು ಏನೂ ಹೇಳದೆ ಮತ್ತೊಂದು ಸಲ ಮೊದಲಿನಿಂದ ತಿರುಗಿಸು ಅಂದರು.

ಚಿಟ್ಟೆ ತೆಗೆದೆ. ಈಗ ಕೊನೆ ಹೀಗೆ: ಗೂಡು ಮಾರ್ಕೆಟ್‌ಗೆ ಹೋಗುತ್ತದೆ. ಅಪ್ಪ ಅವಳನ್ನು ನಂದಿಗೆ ಕರೆದುಕೊಂಡು ಹೋಗುತ್ತಾರೆ. ತೇರು ಆಗಲೇ ಮುಗಿದಿದೆ. ತೇರಿನ ಪಕ್ಕ ಹಗ್ಗ ಸುರುಳಿ ಸುತ್ತಿಕೊಂಡು ಬಿದ್ದಿದೆ, ಹುಡುಗಿ ಅದರ ಮಧ್ಯೆ ಹೋಗಿ ಕೂರುತ್ತಾಳೆ. ಆ ಸುರುಳಿ ಚಂದ್ರಿಕೆಗೆ ಅಂತ ಬ್ರೌನ್ ಪೇಪರ್‌ನಲ್ಲಿ ಕತ್ತರಿಸಿದ ಅದೇ ತುಂಡು. ಬೇರೆ ಮಾಡಿಲ್ಲ.

ಬಾಲವಾಡಿ ಅಕ್ಕ
ಹೂಂ. ಪ್ರಿಂಟ್ ಆದಾಗ ನಮ್ಮ ಮಕ್ಕಳಿಗೆ ಒಂದು ಕೊಡಿ, ಹರಿಯೋದು ಗ್ಯಾರಂಟಿ.

ಚಿತ್ರದ ಮೇಷ್ಟ್ರು
ಬೆನ್ನು ತೋರಿಸಿದ್ದು ಸರಿ. ಎಂಟನೇ ಪುಟದಲ್ಲಿ ಜಡೆಯ ರಿಬ್ಬನ್ ಇನ್ನೂ ಸ್ವಲ್ಪ ಕೆಂಪಾಗಲಿ. ಹಸಿರಿನ ಮೇಲೆ ಈಗ ಕಂದು ಹೊಡೆಯುತ್ತಿದೆ.

ಗೂಡುಗಾರ
ಚಂದ್ರಿಕೆ ಈಗ ಚಂದ್ರಿಕೆ ಥರ ಇದೆ. ಆದರೆ ಒಂದು ಮಾತು ತಂಗಿ. ನಂದಿ ತೇರಿಗೆ ಹಗ್ಗಾನಾ, ಕಬ್ಬಿಣದ ಸರಪಳಿನಾ? ಎಷ್ಟೋ ಕಡೆ ಸರಪಳಿ ಹಾಕುತ್ತಾರೆ. ನೀನು ನೋಡಿದ್ದೀಯಲ್ಲ?

ಕತ್ತರಿಮರಿ
ಇಲ್ಲ ಅಣ್ಣ. ತೇರು ಒಂದು ಸಲವೂ ನೋಡಿಲ್ಲ. ಪ್ರತಿ ವರ್ಷ ಶಿವರಾತ್ರಿಗೆ ಹುಳು ಇರುತ್ತಿತ್ತು.

ಗೂಡುಗಾರ
ಸರಿಹೋಯಿತು.

ಮೂರನೇ ಬೆಂಚು
ಸರಪಳಿ ಆದರೆ ಸುರುಳಿ ಬರಲ್ಲ. ಕೊನೇ ಪುಟ ಹೋಯ್ತು.

ಕತ್ತರಿಮರಿ
ಭಾನುವಾರ ಗೂಡು ಬಿಡಿಸುತ್ತೇವೆ. ಮುಗಿಸಿಕೊಂಡು ಸೋಮವಾರ ಬಸ್ಸಿಗೆ ನಂದಿಗೆ ಹೋಗಿ ದೇವಸ್ಥಾನದಲ್ಲಿ ಕೇಳಿಕೊಂಡು ಬರುತ್ತೇನೆ.

ತಟ್ಟೆಇಡ್ಲಿ
ಹೋದರೆ ಫೋಟೋ ಹಾಕಿ.